ಹತ್ತಿ ಮಿಲ್ಲಿನ ಧಣಿಗೆ ಆದ ರಕ್ಷಣೆ

ಪ್ರಿಯರೇ, ರಕ್ಷಣೆ ಎಂದರೇನು ಎಂದು ಕೇಳಿದರೆ ನೀವೆಲ್ಲರೂ ಉತ್ತರ ಹೇಳುತ್ತೀರಿ. ಭಾನುವಾರದ ಶಾಲೆಯ ಮಕ್ಕಳೂ ಹೇಳುತ್ತಾರೆ. ಪಾಪದಿಂದ ಬಿಡುಗಡೆ, ನಿತ್ಯಜೀವ, ಪರಲೋಕ. ಒಂದು ತಪ್ಪೂ ಇಲ್ಲದೆ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಹತ್ತೊಂಬತ್ತು ವರ್ಷ ಹೇಳಿದೆ. ಆಮೇಲೆ ಒಂದು ಊರಿನಲ್ಲಿ ಅದರ ಅರ್ಥವನ್ನು ಕಣ್ಣಾರೆ ಕಂಡೆ. ಕಂಡ ಮೇಲೆ, ನೋಡಿ, ಅಷ್ಟು ಸಲೀಸಾಗಿ ಹೇಳುವುದಕ್ಕೆ ಬರುತ್ತಿಲ್ಲ. ಅದನ್ನೇ ಇವತ್ತು ಹೇಳುತ್ತೇನೆ.

ಗದಗಿನಿಂದ ಆಚೆಗೆ, ಕಪ್ಪು ಮಣ್ಣಿನ ಸೀಮೆಯ ಒಂದು ಊರು. ಆ ಊರಿನಲ್ಲಿ ಹತ್ತಿ ಮಿಲ್ಲಿನ ಧಣಿಯೊಬ್ಬರು ಇದ್ದರು. ಹೆಸರು ಹೇಳದೆ ಬಿಟ್ಟರೆ ನೀವು ನಿಮಗೆ ಆಗದವರ ಹೆಸರನ್ನು ಇಟ್ಟುಕೊಂಡು ಕಥೆ ಕೇಳುತ್ತೀರಿ. ಅದು ನನಗೆ ಗೊತ್ತು. ಆದ್ದರಿಂದ ನಾನೇ ಒಂದು ಹೆಸರು ಕೊಡುತ್ತೇನೆ. ರಾಜರತ್ನಪ್ಪ ಎಂದುಕೊಳ್ಳಿ. ನಿಜವಾದ ಹೆಸರು ಬೇರೆ. ಹುಡುಕಿಕೊಂಡು ಹೋಗಬೇಡಿ.

ರಾಜರತ್ನಪ್ಪನವರು ನಮ್ಮ ಸಭೆಯ ಹಿರಿಯರು, ಕಮಿಟಿಯ ಅಧ್ಯಕ್ಷರು. ಬಿಳಿ ಅಂಗಿ, ಬಿಳಿ ಧೋತರ. ಮೊದಲ ಬೆಂಚಿನಲ್ಲಿ ಬಲಗಡೆಯ ಜಾಗ ಅವರದು. ಅವರು ಊರಿನಲ್ಲಿ ಇಲ್ಲದ ದಿನವೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಒಳ್ಳೆಯವರು. ವ್ಯಂಗ್ಯವಾಗಿ ಹೇಳುತ್ತಿಲ್ಲ, ನಿಜಕ್ಕೂ ಒಳ್ಳೆಯವರು. ಕುಡಿತವಿಲ್ಲ, ಬೀಡಿ ಇಲ್ಲ, ಬೈಗುಳವಿಲ್ಲ. ಒಂದೇ ಒಂದು ಅಭ್ಯಾಸವಿತ್ತು. ಯಾರನ್ನು ಕಂಡರೂ, ರಕ್ಷಣೆ ಆಗಿದೆಯೇ, ಆಗಿದ್ದರೆ ಯಾವ ತಾರೀಕಿಗೆ ಎಂದು ಕೇಳುವುದು. ತಮ್ಮದು ಅವರಿಗೆ ಚೆನ್ನಾಗಿ ನೆನಪಿತ್ತು. ತಾರೀಕು, ವಾರ, ಸಮಯ, ಆ ಹೊತ್ತಿನಲ್ಲಿ ಹಾಡುತ್ತಿದ್ದ ಹಾಡು, ಎಲ್ಲವೂ. ನಾನು ಆ ಸಭೆಗೆ ಪಾಲಕನಾಗಿ ಬಂದ ಮೊದಲ ದಿನವೇ ನನ್ನನ್ನೂ ಕೇಳಿದರು. ನನಗೆ ಸರಿಯಾಗಿ ನೆನಪಿರಲಿಲ್ಲ. ಅವರು ಮರುಕದಿಂದ ನನ್ನ ಭುಜ ತಟ್ಟಿ, ಪ್ರಾರ್ಥನೆ ಮಾಡುತ್ತೇನೆ ಎಂದರು.

ಹೌದು, ಆ ಸಭೆಯ ಪಾಲಕ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕಥೆಯಲ್ಲಿ ತಪ್ಪು ಮಾಡಿದವರು ಒಬ್ಬರೇ ಇಲ್ಲ.

ಅದೇ ಮಿಲ್ಲಿನಲ್ಲಿ ಹತ್ತಿಯೊಳಗಿನ ಕಸ ಆರಿಸುವ ಹೆಣ್ಣುಮಗಳೊಬ್ಬಳು ಇದ್ದಳು. ಲೇಯವ್ವ. ಐವತ್ತರ ಹತ್ತಿರದ ವಯಸ್ಸು. ಗಂಡ ಸತ್ತು ಬಹಳ ವರ್ಷಗಳಾಗಿದ್ದವು. ಇದ್ದವಳು ಒಬ್ಬಳೇ ಮಗಳು. ಆ ಮಗಳು ಬೇರೆ ಧರ್ಮದ ಹುಡುಗನೊಬ್ಬನನ್ನು ಮೆಚ್ಚಿ ಮದುವೆಯಾದಳು. ಹುಡುಗನ ಮನೆಯ ಮುಂದೆ, ಅವರ ಪದ್ಧತಿಯ ಪ್ರಕಾರ ಮದುವೆ. ಲೇಯವ್ವ ಆ ಮದುವೆಗೆ ಹೋದಳು, ಅಕ್ಕಿಕಾಳು ಹಾಕಿದಳು, ಅತ್ತಳು, ಉಂಡಳು, ಬಂದಳು. ಅಷ್ಟೇ ಅವಳು ಮಾಡಿದ್ದು.

ನಮ್ಮ ಕಮಿಟಿ ಅವಳನ್ನು ಕರೆಸಿತು. ಮಾಡಿದ್ದು ತಪ್ಪು ಎಂದು ಒಪ್ಪಿಕೊಂಡರೆ ಸಾಕು, ಮುಗಿಯಿತು ಎಂದು ರಾಜರತ್ನಪ್ಪನವರು ಮೃದುವಾಗಿಯೇ ಹೇಳಿದರು. ಲೇಯವ್ವ ಸೆರಗು ಸರಿಮಾಡಿಕೊಂಡು, ಸ್ವಲ್ಪ ಯೋಚಿಸಿ ಹೇಳಿದಳು:

“ಮಗಳ ಮದವಿಗೆ ತಾಯಿ ಹೋಗೂದು ತಪ್ಪಂತ ನಾ ಹೆಂಗ ಹೇಳ್ಲಿರಿ?”

ಇದು ಅಹಂಕಾರ ಎಂದು ಕಮಿಟಿ ತೀರ್ಮಾನಿಸಿತು. ಪಶ್ಚಾತ್ತಾಪ ಪಡುವವರೆಗೆ ಅವಳಿಗೆ ಕರ್ತನ ಭೋಜನವಿಲ್ಲ, ರೊಟ್ಟಿ ಮತ್ತು ದ್ರಾಕ್ಷಾರಸದ ಪಾತ್ರೆ ಹಂಚುವಾಗ ಅವಳು ಎದ್ದು ಹೊರಗೆ ಹೋಗಬೇಕು ಎಂದು ಒಂದು ಪತ್ರ ತಯಾರಾಯಿತು. ಸಹಿ ರಾಜರತ್ನಪ್ಪನವರದು. ಭಾನುವಾರ ಅದನ್ನು ಸಭೆಯ ಮುಂದೆ ಓದಿದವನು ನಾನು. ಚೆನ್ನಾಗಿ ಓದಿದೆ. ಆರಾಧನೆ ಮುಗಿದ ಮೇಲೆ, ಇವತ್ತು ನಿಮ್ಮ ದನಿ ಗಂಭೀರವಾಗಿತ್ತು ಎಂದು ಇಬ್ಬರು ನನ್ನನ್ನು ಹೊಗಳಿದರು.

ಬೇರೆ ಯಾರಾದರೂ ಆಗಿದ್ದರೆ ಚರ್ಚಿಗೆ ಬರುವುದನ್ನೇ ಬಿಡುತ್ತಿದ್ದರು. ಲೇಯವ್ವ ಬಿಡಲಿಲ್ಲ. ಪ್ರತಿ ಭಾನುವಾರ ಬಂದಳು. ಹಿಂದಿನ ಬೆಂಚಿನಲ್ಲಿ ಕೂತಳು, ಹಾಡಿದಳು, ಪ್ರಾರ್ಥಿಸಿದಳು. ತಿಂಗಳ ಮೊದಲ ಭಾನುವಾರ ನಾನು ರೊಟ್ಟಿಯ ತಟ್ಟೆಯ ಮೇಲಿನ ಬಿಳಿ ಬಟ್ಟೆಯನ್ನು ತೆಗೆಯುವಾಗ ಸದ್ದಿಲ್ಲದೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಮುಗಿದ ಮೇಲೆ ಮತ್ತೆ ಒಳಗೆ ಬಂದು ಕೊನೆಯ ಹಾಡು ಹಾಡುತ್ತಿದ್ದಳು. ಮೊದಲ ತಿಂಗಳು ಜನ ತಿರುಗಿ ನೋಡಿದರು. ಮೂರನೆಯ ತಿಂಗಳು ಯಾರೂ ನೋಡಲಿಲ್ಲ. ನೋಡಿ, ನಮಗೆ ಎಲ್ಲದಕ್ಕೂ ರೂಢಿಯಾಗುತ್ತದೆ. ಒಬ್ಬರು ಹೊರಗೆ ಕೂತಿರುವುದಕ್ಕೂ ರೂಢಿಯಾಗುತ್ತದೆ.

ಹೀಗೆ ಒಂದೂವರೆ ವರ್ಷ ಕಳೆಯಿತು.

ಜನವರಿ ತಿಂಗಳು. ಹತ್ತಿಯ ಸುಗ್ಗಿ. ಮಿಲ್ಲಿನ ದೊಡ್ಡ ಶೆಡ್ಡಿನಲ್ಲಿ ಹತ್ತಿಯ ರಾಶಿ ತಗಡಿನ ಚಾವಣಿಯನ್ನು ಮುಟ್ಟುವಂತೆ ಬೆಳೆದಿತ್ತು. ಮೂರು ಆಳು ಎತ್ತರ. ಯಾರೋ ಹತ್ತಿಗೆ ನೀರು ಹೊಡೆದು ತೂಕ ಹೆಚ್ಚಿಸಿ ಮಾರಿದ್ದಾರೆ ಎಂದು ರಾಜರತ್ನಪ್ಪನವರಿಗೆ ಅನುಮಾನ ಬಂತು. ಮೇಲಿನ ಹತ್ತಿ ಒಣಗಿರುತ್ತದೆ, ಒಳಗೆ ಕೈ ಹಾಕಿದರೆ ತೇವ ಸಿಗುತ್ತದೆ. ಕೆಲಸದವರೆಲ್ಲ ಬುತ್ತಿ ಉಣ್ಣಲು ಬೇವಿನ ಮರದ ಕೆಳಗೆ ಹೋಗಿದ್ದ ಹೊತ್ತು. ಧಣಿ ಒಬ್ಬರೇ ರಾಶಿಯ ಹಿಂದೆ ಹೋಗಿ, ಬುಡದಲ್ಲಿ ಭುಜದ ತನಕ ಕೈ ತೂರಿಸಿ ಒಂದು ಹಿಡಿ ಹತ್ತಿಯನ್ನು ಎಳೆದರು.

ಬೆಳಗಿನಿಂದ ಹಮಾಲರು ಆ ಬದಿಯ ಬುಡದಿಂದಲೇ ಹತ್ತಿ ತೆಗೆಯುತ್ತಿದ್ದರು. ಮೇಲಿನ ಭಾಗ ಅದೇ ಕಡೆಗೆ ಬಾಗಿ ನಿಂತಿತ್ತು. ಆ ಒಂದು ಹಿಡಿ ಹತ್ತಿ ಸಾಕಾಯಿತು. ಇಡೀ ರಾಶಿ ಅವರ ಮೇಲೆ ಇಳಿಯಿತು.

ಹತ್ತಿ ಎಷ್ಟು ಹಗುರ, ಅಲ್ಲವೇ? ಮಗುವಿನ ತಲೆದಿಂಬಿಗೆ ತುಂಬುವುದು ಅದನ್ನೇ. ಆ ಹಗುರವಾದದ್ದು ರಾಶಿಯಾಗಿ ಮೇಲೆ ಬಿದ್ದರೆ ಕಲ್ಲಿಗಿಂತ ಕಷ್ಟ. ಕಲ್ಲಾದರೆ ಸಂದಿ ಬಿಡುತ್ತದೆ. ಹತ್ತಿ ಬಿಡುವುದಿಲ್ಲ. ಆಮೇಲೆ ಅವರೇ ನನಗೆ ಹೇಳಿದರು: ಕೂಗಿದರೆ ಸದ್ದು ಹೊರಗೆ ಹೋಗುವುದಿಲ್ಲ, ಹತ್ತಿ ಬಾಯೊಳಗೆ ಬರುತ್ತದೆ. ಒದ್ದಾಡಿದಷ್ಟೂ ಖಾಲಿಯಾದ ಜಾಗಕ್ಕೆ ಇನ್ನಷ್ಟು ಹತ್ತಿ ಇಳಿಯುತ್ತದೆ. ಮೊದಲು ಬೆಳ್ಳಗೆ ಕಂಡಿತಂತೆ, ಆಮೇಲೆ ಕತ್ತಲೆ. ಅವರಿಗೆ ಎಷ್ಟೋ ಪ್ರಾರ್ಥನೆಗಳು ಬಾಯಿಪಾಠವಿದ್ದವು. ಒಂದೂ ನೆನಪಿಗೆ ಬರಲಿಲ್ಲ. ಅರವತ್ತೆರಡು ವರ್ಷದ ಮನುಷ್ಯ ಅಲ್ಲಿ ಹೇಳಿದ್ದು ‘ಅವ್ವಾ’ ಎಂಬ ಒಂದೇ ಮಾತು.

ಲೇಯವ್ವ ಬುತ್ತಿಗಂಟನ್ನು ಶೆಡ್ಡಿನಲ್ಲೇ ಮರೆತಿದ್ದಳು. ಅದನ್ನು ತೆಗೆದುಕೊಳ್ಳಲು ಬಂದವಳು ರಾಶಿಯನ್ನು ನೋಡಿ ನಿಂತಳು. ಇಪ್ಪತ್ತು ವರ್ಷ ಹತ್ತಿಯೊಳಗೆ ಇದ್ದವಳು. ರಾಶಿಯ ಆಕಾರ ಬದಲಾಗಿರುವುದು ಅವಳಿಗೆ ತಿಳಿಯಿತು. ಪಕ್ಕಕ್ಕೆ ಬಂದಾಗ ನೆಲದ ಮೇಲೆ ಒಂದೇ ಒಂದು ಚಪ್ಪಲಿ ಕಂಡಿತು. ಅಂಥ ಚಪ್ಪಲಿ ಹಾಕುವವರು ಆ ಮಿಲ್ಲಿನಲ್ಲಿ ಒಬ್ಬರೇ. ಬಾಗಿಲ ಹತ್ತಿರ ಗಾಳೆಪ್ಪ ಎಂಬ ಮುದಿ ಹಮಾಲ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಅವನನ್ನು ಕರೆದಳು. ಅವನು ರಾಶಿಯ ಮೇಲೆ ಹತ್ತಲು ಹೋದ. ಹತ್ತಬೇಡ, ಹತ್ತಿದರೆ ಒಳಗಿನವರಿಗೆ ಇನ್ನೂ ಭಾರವಾಗುತ್ತದೆ ಎಂದು ತಡೆದಳು. ತಾನು ನೆಲಕ್ಕೆ ಮೈ ಚಾಚಿ ಮಲಗಿ, ಹಾವಿನಂತೆ ಬುಡದಲ್ಲಿ ತೂರಿಕೊಂಡಳು. ನನ್ನ ಕಾಲು ಬಿಡಬೇಡ, ಅಲ್ಲಾಡಿಸಿದರೆ ಎಳೆ ಎಂದು ಗಾಳೆಪ್ಪನಿಗೆ ಹೇಳಿದಳು.

ಸೊಂಟದ ತನಕ ಒಳಗೆ ಹೋದಳು. ಆಮೇಲೆ ಪೂರ್ತಿ ಹೋದಳು. ಪಾದಗಳಷ್ಟೇ ಹೊರಗೆ, ಗಾಳೆಪ್ಪನ ಕೈಯಲ್ಲಿ. ರಾಶಿಯ ಮೇಲಿನಿಂದ ಹತ್ತಿ ಇನ್ನೂ ಜಾರುತ್ತಿತ್ತು. ಇನ್ನೊಂದು ಸಲ ಕುಸಿದರೆ ಇಬ್ಬರೂ ಹೋಗುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ನಮ್ಮ ಕಮಿಟಿಯ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಅವಳ ಕೈಗೆ ಧಣಿಯ ಕೈ ಸಿಕ್ಕಿತು. ಸಿಕ್ಕಿದ ಕೂಡಲೇ ರಾಜರತ್ನಪ್ಪನವರು ಏನು ಮಾಡಿದರು? ಮುಳುಗುವವರು ಮಾಡುವುದನ್ನೇ ಮಾಡಿದರು. ಅವಳ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದು ಬಲವಾಗಿ ತಮ್ಮ ಕಡೆಗೆ ಎಳೆದರು. ಅವರು ಹೊರಗೆ ಬರಲಿಲ್ಲ, ಅವಳೇ ಒಳಗೆ ಹೋದಳು. ಮೂಳೆ ಸರಿದ ನೋವು. ಬಾಯಿ ತೆರೆದರೆ ಹತ್ತಿ. ಆದರೂ ಅವಳು ಬಾಯಿ ತೆರೆದು ಹೇಳಿದಳು. ಆ ಮಾತನ್ನು ಆಮೇಲೆ ಧಣಿಯೇ ನನಗೆ ಹೇಳಿದರು.

“ಧಣ್ಯಾರ, ನೀವು ನನ್ನ ಹಿಡೀಬ್ಯಾಡ್ರಿ. ಕೈ ಬಿಡ್ರಿ. ನಾ ನಿಮ್ಮನ್ನ ಹಿಡಕೋತೀನಿ.”

ನೋಡಿ ಪ್ರಿಯರೇ, ಆ ಮನುಷ್ಯನಿಗೆ ಆ ಕತ್ತಲೆಯಲ್ಲಿ ಸಿಕ್ಕಿದ್ದು ಆ ಒಂದು ಕೈ ಮಾತ್ರ. ಅದನ್ನು ಬಿಡು ಎಂದರೆ ಬಿಡುವುದು ಸುಲಭವೇ? ಜೀವಮಾನವೆಲ್ಲ ಏನನ್ನೂ ಬಿಟ್ಟವರಲ್ಲ ಅವರು. ಹೇಗೆ ಬಿಟ್ಟರೋ ಅವರಿಗೇ ಗೊತ್ತಿಲ್ಲ. ಬಿಟ್ಟರು. ಆ ಕ್ಷಣವೇ ಅವಳು ಕಂಕುಳಿಗೆ ಕೈ ಹಾಕಿ ಅವರನ್ನು ಅವುಚಿ ಹಿಡಿದಳು. ಗಾಳೆಪ್ಪ ಕಾಲು ಹಿಡಿದು ಎಳೆದ. ಅಷ್ಟರಲ್ಲಿ ಇನ್ನಿಬ್ಬರು ಓಡಿ ಬಂದರು. ಆಗ ತಾನೇ ಹುಟ್ಟಿದ ಕರುವಿನ ಹಾಗೆ ಬೆವರಿನಿಂದ ಒದ್ದೆ ಒದ್ದೆಯಾಗಿ, ಮೈತುಂಬ ಹತ್ತಿ ಮೆತ್ತಿಕೊಂಡು ಧಣಿ ಹೊರಗೆ ಬಂದರು. ಉಸಿರಿತ್ತು.

ಸಂಜೆ ನಾನು ಆಸ್ಪತ್ರೆಗೆ ಹೋದೆ. ರಾಜರತ್ನಪ್ಪನವರು ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಸುಕುಮಾರಿಯಮ್ಮ. ನನ್ನನ್ನು ನೋಡಿದ ಕೂಡಲೇ ಧಣಿಗೆ ಅಳು ಬಂತು. ಅತ್ತು ಮುಗಿದ ಮೇಲೆ ಸಣ್ಣ ದನಿಯಲ್ಲಿ ಹೇಳಿದರು:

“ನಾ ಏನೂ ಮಾಡ್ಲಿಲ್ಲ ಪಾಸ್ಟರ್. ಕೈ ಬಿಟ್ಟೆ. ಅಷ್ಟ.”

ರಕ್ಷಣೆಯ ಬಗ್ಗೆ ನಾನು ಎಷ್ಟೋ ದಪ್ಪ ಪುಸ್ತಕಗಳನ್ನು ಓದಿದ್ದೇನೆ. ಇಷ್ಟು ಚಿಕ್ಕ ಮಾತಿನಲ್ಲಿ ಯಾರೂ ಹೇಳಿದ್ದು ನೆನಪಿಲ್ಲ. ಏನೂ ಮಾಡಲಿಲ್ಲ, ಕೈ ಬಿಟ್ಟೆ, ಇನ್ನೊಬ್ಬರು ಹಿಡಿದುಕೊಂಡರು. ತಮ್ಮ ಜೀವವನ್ನು ಪಣಕ್ಕಿಟ್ಟು ನಾನಿದ್ದ ಜಾಗಕ್ಕೇ ಬಂದು ಹಿಡಿದುಕೊಂಡರು. ಕ್ರಿಸ್ತನು ನಮಗಾಗಿ ಮಾಡಿದ್ದು ಇದನ್ನೇ ಅಲ್ಲವೇ? ಮೇಲೆ ನಿಂತು ಏರಿ ಬಾ ಎಂದು ಹಗ್ಗ ಬಿಟ್ಟವನಲ್ಲ ಆತನು. ನಮ್ಮ ಮಣ್ಣಿಗೆ, ನಮ್ಮ ಮರಣಕ್ಕೆ ತಾನೇ ಇಳಿದು ಬಂದವನು.

ರಾಜರತ್ನಪ್ಪನವರು ಆ ಹಾಸಿಗೆಯ ಮೇಲೆ ಆಡಿದ ಮಾತಿಗೇ ನಿಂತಿದ್ದರೆ ನನಗೆ ಇವತ್ತು ಈ ಪ್ರವಚನದ ಕೆಲಸವೇ ಇರುತ್ತಿರಲಿಲ್ಲ. ಆದರೆ ಮನುಷ್ಯ ಹಾಸಿಗೆಯಿಂದ ಏಳುತ್ತಾನಲ್ಲ. ಎದ್ದ ಮೇಲೆ, ದೇವರು ತನಗೆ ಮಾಡಿದ್ದನ್ನು ಜನರ ಮುಂದೆ ನಿಂತು ಸಾಕ್ಷಿ ಹೇಳಬೇಕಲ್ಲ.

ಮೊದಲ ಸಾಕ್ಷಿ ಫೆಬ್ರುವರಿಯ ಮೊದಲ ಭಾನುವಾರ, ನಮ್ಮ ಚರ್ಚಿನಲ್ಲೇ. ನಡೆದದ್ದನ್ನು ನಡೆದ ಹಾಗೆಯೇ ಹೇಳಿದರು. ಲೇಯವ್ವನ ಹೆಸರು ಹೇಳಿದರು. ಅವಳನ್ನು ಮುಂದೆ ಕರೆದು ಒಂದು ಇಳಕಲ್ ಸೀರೆ ಕೊಟ್ಟರು. ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು, ಅವಳು ಎಡಗೈಯಿಂದ ಸೀರೆ ತೆಗೆದುಕೊಂಡಳು. ಎಲ್ಲರೂ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಆಮೇಲೆ ನಾನು ರೊಟ್ಟಿಯ ತಟ್ಟೆಯ ಮೇಲಿನ ಬಟ್ಟೆಯನ್ನು ತೆಗೆದೆ. ಲೇಯವ್ವ ಸೀರೆಯನ್ನು ಬೆಂಚಿನ ಮೇಲೆ ಇಟ್ಟು ಎದ್ದು ಹೊರಗೆ ಹೋದಳು.

ಯಾರಿಗೂ ವಿಚಿತ್ರ ಅನಿಸಲಿಲ್ಲ. ನನಗೆ ಅನಿಸಿತು. ನಾನು ಏನು ಮಾಡಿದೆ? ಮುಂದಿನ ಸಾಲಿನವರಿಗೆ ರೊಟ್ಟಿ ಕೊಟ್ಟೆ.

ಆ ವಾರ ಕಮಿಟಿಯಲ್ಲಿ ಧೈರ್ಯ ಮಾಡಿ ಮಾತೆತ್ತಿದೆ. ಈಗಲಾದರೂ ಆ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಬಾರದೇ ಎಂದೆ. ರಾಜರತ್ನಪ್ಪನವರು ಸಿಟ್ಟಾಗಲಿಲ್ಲ. ಅದು ಬೇರೆ, ಇದು ಬೇರೆ, ಜೀವ ಉಳಿಸಿದ್ದು ಉಪಕಾರ, ಸಭೆಯ ಶಿಸ್ತು ಶಿಸ್ತೇ ಎಂದು ಮಗುವಿಗೆ ಹೇಳುವಂತೆ ತಿಳಿಸಿ ಹೇಳಿದರು. ಅವಳು ಪಶ್ಚಾತ್ತಾಪಪಟ್ಟರೆ ನಾನೇ ಮೊದಲು ಸಂತೋಷಪಡುತ್ತೇನೆ ಎಂದರು. ಉಳಿದವರು ತಲೆಯಾಡಿಸಿದರು. ಆ ವರ್ಷ ಚರ್ಚಿನ ಚಾವಣಿಯನ್ನು ಅವರೇ ಹೊಸದಾಗಿ ಹಾಕಿಸುತ್ತಿದ್ದರು. ನಾನೂ ತಲೆಯಾಡಿಸಿದೆ.

ಎರಡನೆಯ ಸಾಕ್ಷಿ ಏಪ್ರಿಲಿನಲ್ಲಿ, ಪುನರುತ್ಥಾನದ ಹಬ್ಬದ ಹೊತ್ತಿಗೆ, ಪಕ್ಕದ ಊರಿನ ಸಭೆಯಲ್ಲಿ. ಅಲ್ಲಿ ಲೇಯವ್ವನ ಹೆಸರು ಹೋಗಿ ‘ಒಬ್ಬ ಕೂಲಿ ಹೆಣ್ಣುಮಗಳು’ ಆಯಿತು. ಕೇಳುವವರಿಗೆ ಅವಳ ಗುರುತಿಲ್ಲ, ಹೆಸರು ಯಾಕೆ ಎಂದುಕೊಂಡಿರಬೇಕು.

ಮೂರನೆಯದು ಮೇ ತಿಂಗಳ ಕನ್ವೆನ್ಷನ್. ದೊಡ್ಡ ಪೆಂಡಾಲು, ಧ್ವನಿವರ್ಧಕ, ಸುತ್ತಲಿನ ಊರುಗಳ ಜನ. ನಾನೂ ವೇದಿಕೆಯ ಮೇಲೆ ಕೂತಿದ್ದೆ. ಹೆಂಗಸರ ಕಡೆ ಸುಕುಮಾರಿಯಮ್ಮ ಇದ್ದರು. ಸಾಕ್ಷಿ ಈ ಹೊತ್ತಿಗೆ ಬಹಳ ಚೆನ್ನಾಗಿ ಬೆಳೆದಿತ್ತು. ರಾಶಿ ಐದು ಆಳು ಎತ್ತರವಾಗಿತ್ತು. ಪ್ರಾರ್ಥನೆಗಳು ಒಂದೊಂದಾಗಿ ನೆನಪಿಗೆ ಬಂದಿದ್ದವು. ಕೊನೆಗೆ ದನಿ ಏರಿಸಿ ಅವರು ಹೇಳಿದ್ದು ಇದು: ಕತ್ತಲೆಯಲ್ಲಿ ನನಗೊಂದು ಹಸ್ತ ಕಾಣಿಸಿತು, ವಿಶ್ವಾಸದಿಂದ ಅದನ್ನು ಗಟ್ಟಿಯಾಗಿ ಹಿಡಿದೆ, ಎಷ್ಟು ಕಷ್ಟ ಬಂದರೂ ನಾನು ಕೈ ಬಿಡಲಿಲ್ಲ.

ಎರಡು ಸಾವಿರ ಜನ ಹಲ್ಲೆಲೂಯಾ ಎಂದರು.

ನೋಡಿ, ಎಷ್ಟು ಸ್ವಲ್ಪವೇ ಬದಲಾಗಿದೆ. ಬಿಟ್ಟೆ ಎಂಬುದು ಬಿಡಲಿಲ್ಲ ಎಂದಾಗಿದೆ, ಅಷ್ಟೇ. ಲೇಯವ್ವ ಪೆಂಡಾಲಿನ ಒಂದು ಕಂಬಕ್ಕೆ ಒರಗಿ ಕೂತು ಇದನ್ನು ಕೇಳಿಸಿಕೊಂಡಳು. ನಾನು ಅವಳ ಮುಖ ನೋಡಿದೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡಿದ್ದಳು. ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಆಮೇಲೆ ಕೇಳಿದಾಗ, ನಗು ತಡೆಯಲಾಗಲಿಲ್ಲ ಎಂದಳು.

ಮರುದಿನ ಬೆಳಗ್ಗೆ ನಾಷ್ಟಾ ಬಡಿಸುತ್ತ ಸುಕುಮಾರಿಯಮ್ಮ ಗಂಡನನ್ನು ಒಂದೇ ಮಾತು ಕೇಳಿದರಂತೆ. ನಿನ್ನೆ ಹೇಳಿದ್ದು ನಿಜವೇ ಎಂದು. ಸಾಕ್ಷಿ ಎಂದರೆ ಕೇಳುವವರ ವಿಶ್ವಾಸ ಬೆಳೆಯುವ ಹಾಗೆ ಹೇಳಬೇಕಾಗುತ್ತದೆ ಎಂದು ಅವರು ವಿವರಿಸಿದರಂತೆ. ಆಕೆ ಮುಂದೆ ಮಾತಾಡಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆ ಮುಂದೆ ಮಾತಾಡದೆ ಬಿಟ್ಟ ಮಾತುಗಳು ಬಹಳ ಇದ್ದವು.

ಜೂನ್ ತಿಂಗಳ ಮೊದಲ ಭಾನುವಾರ ಬಂತು. ನಾನು ತಟ್ಟೆಯ ಮೇಲಿನ ಬಟ್ಟೆ ತೆಗೆದೆ. ಲೇಯವ್ವ ಹಿಂದಿನ ಬೆಂಚಿನಿಂದ ಎದ್ದಳು. ಆಗ ಮುಂದಿನ ಬೆಂಚಿನಿಂದ ಸುಕುಮಾರಿಯಮ್ಮನೂ ಎದ್ದರು. ನಡುವಿನ ದಾರಿಯಲ್ಲಿ ಬಾಗಿಲ ತನಕ ನಡೆದರು. ಮೈ ಸರಿಯಿಲ್ಲವೇನೋ ಎಂದುಕೊಂಡೆವು. ಆಕೆ ಹೊರಗೆ ಹೋಗಿ ಲೇಯವ್ವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತರು.

ಲೇಯವ್ವ ಗಾಬರಿಯಾಗಿ, ಅಮ್ಮಾರ ನೀವು ಒಳಗೆ ಹೋಗಿ ಎಂದಳು. ಆಕೆ ಹೋಗಲಿಲ್ಲ. ರಾಜರತ್ನಪ್ಪನವರು ಸ್ವಲ್ಪ ಹೊತ್ತು ನೋಡಿ, ಎದ್ದು ಹೊರಗೆ ಹೋದರು. ನಾನು ತಟ್ಟೆ ಹಿಡಿದುಕೊಂಡೇ ಬಾಗಿಲಿನ ಹತ್ತಿರ ಬಂದು ನಿಂತೆ. ಮುಂದಿನದೆಲ್ಲ ನಾನು ಕಿವಿಯಾರೆ ಕೇಳಿದ್ದು.

ಧಣಿ ಹೆಂಡತಿಗೆ ಮೆಲ್ಲಗೆ ಹೇಳಿದರು: “ಒಳಗ ನಡಿ. ಎಲ್ಲಾರೂ ನೋಡಾಕ್ಹತ್ಯಾರ.”

“ಈಕಿ ಹೊರಗ ಕುಂತಿದ್ದನ್ನ ಎರಡು ವರ್ಷಾತು ನೋಡಾಕ್ಹತ್ತಿ” ಎಂದರು ಸುಕುಮಾರಿಯಮ್ಮ. “ನನ್ನನ್ನೂ ನೋಡ್ಲಿ ಬಿಡ್ರಿ. ಅವತ್ತ ಈಕಿ ಒಳಗ ಹೋಗಿರದಿದ್ರ ಇವತ್ತ ನಾ ವಿಧವಿ.”

ರಾಜರತ್ನಪ್ಪನವರು ಮಿಲ್ಲು ನಡೆಸುವವರು. ಇಂಥ ಬಿಕ್ಕಟ್ಟನ್ನು ಬಗೆಹರಿಸುವುದು ಅವರಿಗೆ ಗೊತ್ತು. ಲೇಯವ್ವನ ಕಡೆ ತಿರುಗಿ, “ಆತು, ನೀನೂ ಬಾ. ನಾ ಹೇಳ್ತೀನಿ, ಬಾ ಒಳಗ” ಎಂದರು. ಉದಾರವಾದ ಮಾತೇ. ಕಮಿಟಿಯ ಪತ್ರವನ್ನು ಅಲ್ಲೇ ನಿಂತು ರದ್ದು ಮಾಡಿದ ಹಾಗೆ.

ಲೇಯವ್ವ ಏಳಲಿಲ್ಲ.

“ಮಿಲ್ಲಿಗೆ ನೀವು ಬಾ ಅಂದ್ರ ಬರ್ತೀನ್ರಿ, ಧಣ್ಯಾರ” ಎಂದಳು. “ಇಲ್ಲಿ ಕರಿಯಾವ್ರು ನೀವಲ್ಲ.”

ಸಿಟ್ಟಿನಿಂದ ಹೇಳಲಿಲ್ಲ. ಇಂಥ ಕಡೆ ಬಾವಿ ಇದೆ, ಇಂಥ ಕಡೆ ರಸ್ತೆ ಇದೆ ಎಂದು ದಾರಿಹೋಕರಿಗೆ ಹೇಳುತ್ತೇವಲ್ಲ, ಹಾಗೆ ಹೇಳಿದಳು. ನನ್ನ ಕೈಯಲ್ಲಿದ್ದ ತಟ್ಟೆ ನನಗೆ ಭಾರವಾಯಿತು. ರೊಟ್ಟಿ ಹಂಚುವ ಮೊದಲು, ಇದು ಕರ್ತನ ಮೇಜು, ಕರೆಯುವವನು ಆತನೇ ಎಂದು ನಾನು ಪ್ರತಿ ತಿಂಗಳೂ ಓದುತ್ತಿದ್ದೆ. ಓದಿದ್ದನ್ನು ನಂಬಿದವಳು ಮೆಟ್ಟಿಲ ಮೇಲೆ ಕೂತಿದ್ದಳು.

ರಾಜರತ್ನಪ್ಪನವರು ರಸ್ತೆಯ ಕಡೆ ತಿರುಗಿದರು. ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಹೊರಟುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಬಿಳಿ ಧೋತರದಲ್ಲಿ, ಚಪ್ಪಲಿಗಳ ನಡುವೆ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ತಲೆ ಎತ್ತದೆ ಹೇಳಿದರು:

“ನಾ ಸುಳ್ಳ ಹೇಳೀನಿ ಲೇಯವ್ವ. ನಾ ಕೈ ಬಿಟ್ಟಿದ್ದೆ. ಹಿಡದಾಕಿ ನೀನು.”

“ಗೊತ್ತೈತ್ರಿ” ಎಂದಳು ಅವಳು. “ನಾ ಅಲ್ಲೇ ಇದ್ನಲ್ಲ.”

ಪ್ರಿಯರೇ, ಕಡೆಯ ನ್ಯಾಯತೀರ್ಪಿನ ದಿನ ನಾವೆಲ್ಲ ಕರ್ತನ ಮುಂದೆ ನಮ್ಮ ಸಾಕ್ಷಿಗಳನ್ನು ಹೇಳುವಾಗ ಆತನೂ ಇಷ್ಟೇ ಹೇಳುತ್ತಾನೆ ಎಂದು ನನಗೆ ಅನಿಸುತ್ತದೆ. ಗೊತ್ತಿದೆ, ನಾನು ಅಲ್ಲೇ ಇದ್ದೆನಲ್ಲ ಎಂದು.

ನಾನು ಹತ್ತಿರ ಹೋಗಿ ಬಾಗಿ, ನನ್ನದೂ ತಪ್ಪಾಗಿದೆ, ಕ್ಷಮಿಸವ್ವ ಎಂದೆ. ರೊಟ್ಟಿಯನ್ನು ಅಲ್ಲೇ ಕೊಡಲು ಕೈ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. “ಆ ಪತ್ರಾನ ಒಳಗ ನಿಂತು ಓದಿದ್ರಿ, ಪಾಸ್ಟರ್. ಇದನ್ನೂ ಒಳಗ ಹೇಳ್ರಿ” ಎಂದಳು.

ಅವಳ ಮಾತು ಸರಿಯಾಗಿತ್ತು. ಎಲ್ಲರ ಮುಂದೆ ಅವಮಾನ ಮಾಡಿ ಕ್ಷಮೆಯನ್ನು ಮಾತ್ರ ಮೂಲೆಯಲ್ಲಿ ಕೇಳುವುದು ನಮಗೆ ಬಹಳ ಅನುಕೂಲ. ನಾವು ನಾಲ್ವರೂ ಒಳಗೆ ಹೋದೆವು. ಸಭೆಯ ಮುಂದೆ ನಿಂತು ಮೊದಲು ನಾನು ಹೇಳಿದೆ. ಓದಬಾರದ ಪತ್ರವನ್ನು ಓದಿದೆ, ಓದಬಾರದು ಎಂದು ಗೊತ್ತಿದ್ದೂ ಓದಿದೆ ಎಂದೆ. ಈ ಸಲ ನನ್ನ ದನಿ ಗಂಭೀರವಾಗಿರಲಿಲ್ಲ. ಆಮೇಲೆ ರಾಜರತ್ನಪ್ಪನವರು ತಮ್ಮ ಸಾಕ್ಷಿಯನ್ನು ನಾಲ್ಕು ವಾಕ್ಯದಲ್ಲಿ ಹೇಳಿದರು. ನಾನು ಸಾಯುತ್ತಿದ್ದೆ. ಲೇಯವ್ವ ಒಳಗೆ ಬಂದಳು. ಕೈ ಬಿಡು ಎಂದಳು, ಬಿಟ್ಟೆ. ಅವಳನ್ನು ಈ ಮೇಜಿನಿಂದ ಹೊರಗೆ ಹಾಕಿದವನು ನಾನು.

ಯಾರೂ ಹಲ್ಲೆಲೂಯಾ ಅನ್ನಲಿಲ್ಲ. ಮೊದಲು ಲೇಯವ್ವ ರೊಟ್ಟಿ ತೆಗೆದುಕೊಂಡಳು. ಆಮೇಲೆ ಸುಕುಮಾರಿಯಮ್ಮ. ಎಲ್ಲರದೂ ಮುಗಿದ ಮೇಲೆ, ಎಲ್ಲರಿಗಿಂತ ಕೊನೆಗೆ, ರಾಜರತ್ನಪ್ಪನವರು ಬಂದು ಮೊಣಕಾಲೂರಿದರು.

ಹಾಗಾದರೆ ಅವರು ಸಂತರಾದರೇ ಎಂದು ಕೇಳುತ್ತೀರಿ. ಇಲ್ಲ. ಹತ್ತಿಯ ತೇವದ ಬಗ್ಗೆ ಈಗಲೂ ಜಗಳವಾಡುತ್ತಾರೆ. ಕಮಿಟಿಯಲ್ಲಿ ಈಗಲೂ ಅವರ ಮಾತೇ ಹೆಚ್ಚು. ಆದರೆ ಮುಂದಿನ ವರ್ಷದ ಕನ್ವೆನ್ಷನ್ನಿಗೆ ಅವರನ್ನು ಕರೆಯಲಿಲ್ಲ. ನಾನು ಕಾರಣ ಕೇಳಿದೆ. ಅವರ ಸಾಕ್ಷಿ ಈಗ ತೀರಾ ಚಿಕ್ಕದಾಗಿಬಿಟ್ಟಿದೆ, ಜನಕ್ಕೆ ಹಿಡಿಸುವುದಿಲ್ಲ ಎಂದು ಸಂಘಟಕರು ಹೇಳಿದರು. ಧಣಿ ಕೊನೆಗೂ ನಿಜವಾದ ಸಾಕ್ಷಿ ಹೇಳಲು ಕಲಿತಿದ್ದರು. ಅದೇ ಹೊತ್ತಿಗೆ ವೇದಿಕೆ ಕೈತಪ್ಪಿತು. ಲೇಯವ್ವನ ಮಗಳು ಮತ್ತು ಅಳಿಯ ಆ ವರ್ಷದ ಕ್ರಿಸ್ಮಸ್ಸಿಗೆ ಊರಿಗೆ ಬಂದರು. ಅವರಿಗೆ ಊಟಕ್ಕೆ ಕರೆ ಬಂದದ್ದು ಧಣಿಯ ಮನೆಯಿಂದ.

ಈಗ ಕಥೆ ಮುಗಿಯಿತು. ನೀವು ನಿರಾಳವಾಗಿ ಕೂತಿದ್ದೀರಿ. ನಮಗೇನು ಮಿಲ್ಲಿಲ್ಲವಲ್ಲ ಎಂದುಕೊಂಡಿದ್ದೀರಿ. ಇರಿ, ಏಳಬೇಡಿ.

ನಿಮ್ಮ ಸಾಕ್ಷಿ ಏನು? ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ನಾನು ಕುಡಿತ ಬಿಟ್ಟೆ. ನಾನು ಮಕ್ಕಳನ್ನು ದೇವರ ಭಯದಲ್ಲಿ ಬೆಳೆಸಿದೆ. ನಾನು ಉಪವಾಸ ಮಾಡಿದೆ, ನಾನು ವಿಶ್ವಾಸದಲ್ಲಿ ನಿಂತೆ. ಎಷ್ಟು ನಾನು ಆಯಿತು? ನೀವು ಕುಡಿಯುತ್ತಿದ್ದಾಗ ಬಾಗಿಲು ತೆಗೆದವಳು ಯಾರು? ನೀವು ಜ್ವರದಲ್ಲಿ ಮಲಗಿದ್ದಾಗ ಎರಡು ವಾರ ಗಂಜಿ ತಂದುಕೊಟ್ಟ ಪಕ್ಕದ ಮನೆಯವರು ಯಾರು? ಅವರ ಹೆಸರು ನಿಮ್ಮ ಸಾಕ್ಷಿಯಲ್ಲಿ ಇನ್ನೂ ಇದೆಯೇ, ಅಥವಾ ‘ಒಬ್ಬ ಹೆಣ್ಣುಮಗಳು’ ಎಂದಾಗಿದೆಯೇ? ಅವರ ಹೆಸರನ್ನೇ ಮರೆತವರು ಕ್ರಿಸ್ತನ ಹೆಸರನ್ನು ಎಷ್ಟು ನೆನಪಿಟ್ಟಿರುತ್ತೀರಿ?

ದೇವರು ಕೈಬಿಡುವುದಿಲ್ಲ ಎಂದು ಜೋರಾಗಿ ಹಾಡುತ್ತೇವೆ. ಒಳ್ಳೆಯದು, ಹಾಡೋಣ. ಆದರೆ ನೀವು ಕೈ ಬಿಡಬೇಕಾದದ್ದು ಏನಾದರೂ ಇದೆಯೇ? ನಿಮ್ಮ ಒಳ್ಳೆಯತನವನ್ನು ಬಿಗಿಯಾಗಿ ಹಿಡಿದುಕೊಂಡಿರುವವರೆಗೆ ಆತನು ನಿಮ್ಮನ್ನು ಎಲ್ಲಿ ಹಿಡಿಯಬೇಕು?

ರಕ್ಷಣೆ ಎಂದರೆ ಸತ್ತ ಮೇಲೆ ತೋರಿಸಲು ಜೇಬಿನಲ್ಲಿಟ್ಟುಕೊಂಡ ಚೀಟಿ ಎಂದುಕೊಂಡಿದ್ದೇವೆ. ಹಿಡಿದು ಎತ್ತಲ್ಪಟ್ಟವನು ಹೊರಗೆ ಬಂದ ಮೇಲೆ ಹೇಗೆ ಬದುಕುತ್ತಾನೆ ಎಂಬುದರಲ್ಲಿ ಅದು ಕಾಣಿಸಬೇಕು. ಇವತ್ತು ಮಧ್ಯಾಹ್ನ ಊಟದ ಮುಂಚೆ ಪ್ರಾರ್ಥಿಸುತ್ತೀರಲ್ಲ, ಆಗ ನಾನು ಎಂಬ ಮಾತು ಬರುವ ಮೊದಲು ನಿಮ್ಮನ್ನು ಎತ್ತಿದ ಒಬ್ಬರ ಹೆಸರನ್ನು ಮಕ್ಕಳಿಗೆ ಕೇಳಿಸುವ ಹಾಗೆ ಹೇಳಿ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳಿಗೆ ಚಹಾ ಕೊಡುವ ಬೇರೆ ಲೋಟವಿದ್ದರೆ ನಾಳೆಯಿಂದ ಅದು ಬೇಡ, ನೀವು ಕುಡಿಯುವ ಲೋಟದಲ್ಲೇ ಕೊಡಿ. ಕಾಂಪೌಂಡಿನ ಗೋಡೆಗಾಗಿ ತಮ್ಮನ ಜೊತೆ ಮಾತು ಬಿಟ್ಟವರು ಇಲ್ಲಿದ್ದಾರೆ. ಯಾರೆಂದು ನನಗೆ ಗೊತ್ತು, ಆ ಕಡೆ ನೋಡುವುದಿಲ್ಲ. ಎಲ್ಲರ ಮುಂದೆ ಬೈದಿದ್ದೀರಿ. ಹೋಗಿ ಎಲ್ಲರ ಮುಂದೆಯೇ ಮಾತಾಡಿಸಿ.

ಈಗ ನಾನು ಕರ್ತನ ಭೋಜನದ ಪ್ರಾರ್ಥನೆಯನ್ನು ಶುರುಮಾಡಬೇಕು. ಮಾಡುವುದಿಲ್ಲ. ನಿಮ್ಮ ಕಾರಣದಿಂದ ಇಲ್ಲಿಗೆ ಬರದೆ ಮನೆಯಲ್ಲಿ ಉಳಿದವರು ಒಬ್ಬರಾದರೂ ಇರುತ್ತಾರೆ. ನಮ್ಮ ಊರೇನು ದೊಡ್ಡದಲ್ಲ. ಹೋಗಿ, ಕರೆದುಕೊಂಡು ಬನ್ನಿ. ಎಷ್ಟು ಹೊತ್ತಾದರೂ ಆಗಲಿ. ನಾವು ಕಾಯುತ್ತೇವೆ.